ಎಂದಿನಂತೆಯೇ ತಿನ್ನತಕ್ಕದ್ದು

ಫೆಬ್ರವರಿ 3, ಸೋಮವಾರ

ಇವತ್ತು ಒಂದು ಕ್ರೀಮ್ ಬಿಸ್ಕತ್ತಿನಿಂದ ನನ್ನ ಮಾನ ಹೋಯಿತು.

ಹನ್ನೊಂದು ಗಂಟೆಯ ಬ್ಯಾಚು. ರುಚಿ ಕೋಣೆಯಲ್ಲಿ ಕೂತು ಕಚ್ಚಿದೆ, ಸದ್ದು ಕೇಳಿಸಿಕೊಂಡೆ, ಅಗಿದೆ. ಹಾಳೆಯಲ್ಲಿ 'ಸರಿ' ಎಂದು ಬರೆದು ಉಳಿದರ್ಧವನ್ನು ತಟ್ಟೆಯಲ್ಲಿಟ್ಟೆ. ಮೇಲ್ವಿಚಾರಕ ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ.

"ಇದಕ್ಕೆ ಜಾಮ್ ಹಾಕೋಕೆ ಯಾವಾಗಿಂದ ಶುರು ಮಾಡಿದ್ರು?"

ಜಾಮ್ ಅಲ್ಲ, ನನ್ನ ವಸಡಿನ ರಕ್ತ. ಅದು ಅವನಿಗೂ ಗೊತ್ತಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತಟ್ಟೆಯನ್ನು ಮಾರುದೂರ ಹಿಡಿದುಕೊಂಡು ಹೋಗಿ ಕಸದ ಡಬ್ಬಿಗೆ ಸುರಿದು, ಎರಡು ಸಲ ಕೈ ತೊಳೆದುಕೊಂಡು ಬಂದ.

ಹತ್ತೊಂಬತ್ತು ವರ್ಷದಿಂದ ಈ ಕಾರ್ಖಾನೆಯಲ್ಲಿ ಬಿಸ್ಕತ್ತು ಕಚ್ಚುವುದೇ ನನ್ನ ಕೆಲಸ. ಒಲೆಯಲ್ಲಿ ಒಂದು ನಿಮಿಷ ಹೆಚ್ಚು ಬೆಂದರೂ ಕಡಿಮೆ ಬೆಂದರೂ ನನ್ನ ಕೆಳಗಿನ ಮುಂದಿನ ಹಲ್ಲುಗಳಿಗೆ ತಿಳಿಯುತ್ತದೆ. ಆದರೆ ಕಳೆದ ವಾರ ಮೆತ್ತಗಿದ್ದ ಒಂದು ಬ್ಯಾಚನ್ನು ಗರಿಗರಿ ಎಂದು ಬರೆದು ಕಳಿಸಿದ್ದೆ. ಬಿಸ್ಕತ್ತು ಮುರಿದು ಅಳೆಯುವ ಯಂತ್ರವೊಂದನ್ನು ಆಗಲೇ ತರಿಸಿ ಮೂಲೆಯಲ್ಲಿ ನಿಲ್ಲಿಸಿದ್ದಾರೆ. ಅದಕ್ಕೆ ವಸಡಿಲ್ಲ, ಹಾಗಾಗಿ ರಕ್ತವೂ ಬರುವುದಿಲ್ಲ.

"ನಾಳೆಯಿಂದ ಪ್ಯಾಕಿಂಗ್‌ಗೆ ಹೋಗಿ. ಮಾರ್ಚ್ ಇಪ್ಪತ್ತನಾಲ್ಕಕ್ಕೆ ವಾಪಸ್ ಬಂದು ನನ್ನೆದುರು ಹತ್ತು ಬಿಸ್ಕತ್ತು ಕಚ್ಚಿ ತೋರಿಸಿ. ಒಂದರಲ್ಲೂ ಕೆಂಪು ಕಾಣ್ಬಾರ್ದು. ಕಂಡ್ರೆ ಪ್ಯಾಕಿಂಗ್‌ನಲ್ಲೇ ಇರಿ," ಎಂದ ಮೇಲ್ವಿಚಾರಕ.

ರುಚಿ ಕೋಣೆಯಿಂದ ಈ ಖಾಲಿ ಪುಸ್ತಕವೊಂದನ್ನು ಎತ್ತಿಕೊಂಡು ಬಂದೆ. ಮನೆಯಲ್ಲಿ ಹೇಳಿಕೊಂಡರೆ ಉಪದೇಶ, ಕಾರ್ಖಾನೆಯಲ್ಲಿ ಹೇಳಿಕೊಂಡರೆ ನಗು. ಇದರಲ್ಲಾದರೆ ಬಾಯಿಗೆ ಬಂದದ್ದು ಬರೆಯಬಹುದು. ಯಾರೂ ಓದುವುದಿಲ್ಲವಲ್ಲ.

ಫೆಬ್ರವರಿ 6, ಗುರುವಾರ

ದಂತ ಆಸ್ಪತ್ರೆ, ನಾಲ್ಕನೇ ಮಹಡಿ, ಕೆಟ್ಟು ನಿಂತ ಲಿಫ್ಟು. ಏದುಸಿರು ಬಿಡುತ್ತಾ ಹೋದವನನ್ನು ಕುರ್ಚಿಯಲ್ಲಿ ಮಲಗಿಸಿದ ಡಾಕ್ಟರಿಗೆ ನನ್ನ ತಂಗಿಯ ಮಗಳ ವಯಸ್ಸು. ಕೈಯಲ್ಲಿ ಗೆರೆ ಕೊರೆದ ತೆಳುವಾದ ಕಡ್ಡಿ. ಅದನ್ನು ಒಂದೊಂದು ಹಲ್ಲಿನ ಬುಡಕ್ಕೂ ಇಳಿಸಿ ನರ್ಸಮ್ಮನಿಗೆ ಹೇಳಿ ಬರೆಸುತ್ತಿದ್ದಳು. "ರಕ್ತ. ರಕ್ತ. ಇಲ್ಲ. ರಕ್ತ. ರಕ್ತ." ಅರ್ಧ ಗಂಟೆ ಇದೇ ರಾಗ. ಅವಳಿಗೆ ಚುಚ್ಚಮ್ಮ ಎಂದು ಹೆಸರಿಟ್ಟಿದ್ದೇನೆ.

"ನೂರು ಕಡೆ ಮುಟ್ಟಿದ್ರೆ ಅರವತ್ತೊಂದು ಕಡೆ ರಕ್ತ ಬರ್ತಿದೆ ಸರ್."

"ಫಸ್ಟ್ ಕ್ಲಾಸು," ಎಂದೆ.

ಚುಚ್ಚಮ್ಮ ನಗಲಿಲ್ಲ. "ನಿಮ್ಮ ಹಲ್ಲಿಗೆ ಏನೂ ಆಗಿಲ್ಲ. ಹಲ್ಲನ್ನ ಹಿಡ್ಕೊಂಡಿರೋದು ಹಾಳಾಗ್ತಿದೆ. ಕೆಳಗಡೆ ಮುಂದಿನದೊಂದು ಸ್ವಲ್ಪ ಅಲುಗಾಡ್ತಿದೆ ನೋಡಿ. ಈಗಲೇ ನೋಡ್ಕೊಂಡ್ರೆ ಉಳಿಯುತ್ತೆ."

ಆಳವಾಗಿ ಕ್ಲೀನ್ ಮಾಡಿಸಬೇಕಂತೆ. ಅದಕ್ಕೆ ಸರದಿ ನಾಲ್ಕು ತಿಂಗಳು. ಆದರೆ ಚುಚ್ಚಮ್ಮ ತನ್ನ ಓದಿಗಾಗಿ ಒಂದು ಸಂಶೋಧನೆ ಮಾಡುತ್ತಿದ್ದಾಳೆ. ಅದಕ್ಕೆ ಸೇರಿದವರಿಗೆ ಆರು ವಾರ ಮುಗಿದ ದಿನವೇ, ಅಂದರೆ ಮಾರ್ಚ್ ಇಪ್ಪತ್ತಕ್ಕೆ, ಸರದಿಯಿಲ್ಲದೆ ಕ್ಲೀನಿಂಗು. ಬಿಸ್ಕತ್ತು ಪರೀಕ್ಷೆಗೆ ನಾಲ್ಕು ದಿನ ಮೊದಲು. ಪೂರ್ತಿ ಕೇಳದೆಯೇ ಸಹಿ ಹಾಕಿದೆ.

ಸಂಶೋಧನೆ ಇಷ್ಟು. ಹಲ್ಲುಜ್ಜುವುದರಲ್ಲಿ ಏನೂ ಬದಲಾಯಿಸದೆ, ಬರೀ ಊಟ ಬದಲಾಯಿಸಿದರೆ ವಸಡಿನ ರಕ್ತ ನಿಲ್ಲುತ್ತದೆಯೇ? ಚಿಕ್ಕ ಪ್ರಮಾಣದಲ್ಲಿ ಬೇರೆಯವರು ಮಾಡಿ ನೋಡಿದ್ದಾರಂತೆ, ನಂಬುವ ಹಾಗಿದೆಯಂತೆ, ಆದರೆ ಇನ್ನೂ ನೋಡಬೇಕಂತೆ. ಇಪ್ಪತ್ತು ಜನ. ಹತ್ತು ಜನರಿಗೆ ಸಕ್ಕರೆ, ಮೈದಾ ಬಂದ್. ಸೊಪ್ಪು, ಹಣ್ಣು, ಬಾದಾಮಿ, ಅಗಸೆ ಬೀಜ, ಮೀನು. ಇನ್ನು ಹತ್ತು ಜನ ಮಾಮೂಲಿ. ಯಾರು ಯಾವ ಗುಂಪು ಎಂಬುದು ಲಕೋಟೆಯಲ್ಲಿ. ಲಕೋಟೆ ಕೊಡುವುದು ನರ್ಸಮ್ಮ.

"ಯಾವ ಗುಂಪು ಬಂತು ಅಂತ ನನಗೆ ಮಾತ್ರ ಹೇಳ್ಬೇಡಿ ಸರ್. ಗೊತ್ತಾದ್ರೆ ನನ್ನ ಕೈ ಪಕ್ಷಪಾತ ಮಾಡುತ್ತೆ."

ಅರ್ಜಿಯಲ್ಲಿ ವಯಸ್ಸು ನಲವತ್ತೆಂಟು ಎಂದು ಬರೆದು, ನಲವತ್ತೊಂಬತ್ತು ತುಂಬಿದ್ದು ನೆನಪಾಗಿ ಉಜ್ಜಲು ಹೋದೆ. ಚುಚ್ಚಮ್ಮ ಕೈ ಹಿಡಿದುಬಿಟ್ಟಳು. "ಅಳಿಸ್ಬೇಡಿ. ಬಿಳಿ ಹಚ್ಬೇಡಿ. ಒಂದೇ ಒಂದು ಗೆರೆ ಹೊಡೀರಿ, ಕೆಳಗೆ ಏನಿತ್ತು ಅಂತ ಓದೋಕೆ ಆಗ್ಬೇಕು. ಪಕ್ಕದಲ್ಲಿ ಸಹಿ, ತಾರೀಖು." ವಯಸ್ಸು ಮುಚ್ಚಿಡುವುದಕ್ಕೂ ಈ ಆಸ್ಪತ್ರೆಯಲ್ಲಿ ಅವಕಾಶವಿಲ್ಲ.

ಮೆಟ್ಟಿಲಿಳಿಯುತ್ತಾ ಲಕೋಟೆ ಒಡೆದೆ. 'ಎಂದಿನಂತೆಯೇ ತಿನ್ನತಕ್ಕದ್ದು. ಎಂದಿನಂತೆಯೇ ಹಲ್ಲುಜ್ಜತಕ್ಕದ್ದು.'

ಎಂದಿನಂತೆ ತಿಂದೇ ಈ ಗತಿ ಬಂದಿದೆ ಎಂದು ಯಾರಿಗೆ ಹೇಳುವುದು?

ಫೆಬ್ರವರಿ 8, ಶನಿವಾರ

ಏನು ತಿಂದೆ ಎಂದು ಬರೆಯಲು ಆಸ್ಪತ್ರೆಯವರು ಒಂದು ಹಸಿರು ಪುಸ್ತಕ ಕೊಟ್ಟಿದ್ದಾರೆ. ದಿನವೂ ಮನೆಯವರೊಬ್ಬರು ಸಾಕ್ಷಿ ಸಹಿ ಹಾಕಬೇಕು. ನನ್ನ ಹೆಂಡತಿಗಂತೂ ಇಂಥ ಕೆಲಸ ಬಹಳ ಇಷ್ಟ. ಇವಳು ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೆಲಸದವಳು. ಪುಟದ ಮೂಲೆ ಮಡಚಿ ತಂದವರನ್ನು ಅಪರಾಧಿಗಳಂತೆ ನೋಡುತ್ತಾಳೆ.

ಮದುವೆಯಾಗಿ ಇಪ್ಪತ್ತೆರಡು ವರ್ಷ. ಇಪ್ಪತ್ತೆರಡು ವರ್ಷವೂ ನನ್ನ ತಟ್ಟೆಗೆ ಸೊಪ್ಪು ಹಾಕುವುದು ಇವಳ ಕೆಲಸ, ಅದನ್ನು ಅಂಚಿಗೆ ತಳ್ಳುವುದು ನನ್ನ ಕೆಲಸ. ಇವತ್ತು ಇವಳು ನಿಯಮಗಳನ್ನೆಲ್ಲ ಕನ್ನಡಕ ಹಾಕಿಕೊಂಡು ಓದಿದಳು. 'ಮನೆಯವರು ಆಹಾರ ಬದಲಾಯಿಸಲು ಒತ್ತಾಯಿಸತಕ್ಕದ್ದಲ್ಲ' ಎಂಬುದನ್ನು ಎರಡು ಸಲ ಓದಿದಳು. ಆಮೇಲೆ ನನ್ನ ತಟ್ಟೆಗೆ ಬಡಿಸಿದ್ದ ಸೊಪ್ಪನ್ನು ಚಮಚದಲ್ಲಿ ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡಳು.

"ನಿಯಮ ಅಂದ್ರೆ ನಿಯಮ," ಎಂದಳು.

ಒಂದು ಮಾತಾದರೂ ಬೇಸರ ಪಡಬಹುದಿತ್ತು. ನನ್ನ ಬಾಯಲ್ಲಿ ಹಲ್ಲಿದ್ದರೂ ಒಂದೇ, ಬೊಚ್ಚಾದರೂ ಒಂದೇ ಇವಳಿಗೆ.

ಅಪ್ಪನಿಗೆ ಐವತ್ತಕ್ಕೆಲ್ಲ ಪೂರ್ತಿ ಬೊಚ್ಚುಬಾಯಿ. ಕಟ್ಟಿಸಿದ ಹಲ್ಲುಸೆಟ್ಟು ಕಿಟಕಿಯ ಮೇಲಿನ ಲೋಟದಲ್ಲಿ ಕೂತು ನಮ್ಮನ್ನೆಲ್ಲ ನೋಡಿ ಹಲ್ಲು ಕಿರಿಯುತ್ತಿತ್ತು. ಅಪ್ಪ ಸತ್ತ ಮೇಲೂ ಆ ಲೋಟದಲ್ಲಿ ನೀರು ಕುಡಿಯಲು ನನಗಾಗಲಿಲ್ಲ. ನನಗೆ ಐವತ್ತಾಗಲು ಏಳು ತಿಂಗಳಿದೆ. ಭಯವಾಗುತ್ತಿದೆ.

ಫೆಬ್ರವರಿ 13, ಗುರುವಾರ

ಹಸಿರು ಪುಸ್ತಕ ತೋರಿಸಲು ಆಸ್ಪತ್ರೆಗೆ ಹೋಗಿದ್ದೆ. ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ದಪ್ಪ ಮನುಷ್ಯ ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು, ಹೆಣ ಕಾಯುವವನ ಮುಖ ಮಾಡಿಕೊಂಡು ಕೂತಿದ್ದ. ನಿವೃತ್ತ ಬಸ್ ಡ್ರೈವರಂತೆ. ನನಗಿಂತ ಹದಿನೈದು ವರ್ಷ ದೊಡ್ಡವನಾದ್ದರಿಂದ ಡ್ರೈವರಣ್ಣ ಎಂದೆ.

"ಮೂವತ್ತು ವರ್ಷ ಬಸ್ ಓಡ್ಸಿದೀನಿ ತಮ್ಮಾ. ಪ್ರತಿ ಸ್ಟಾಪಲ್ಲೂ ಟೀ, ಬಿಸ್ಕತ್ತು. ಈಗ ಬೀಜ ತಿನ್ನು ಅಂತ ಚೀಲ ಕೊಡ್ತಾರೆ. ನಾನೇನು ಗಿಳಿಯಾ?"

ಚೀಲ ಬಗ್ಗಿಸಿ ತೋರಿಸಿದ. ಬಾದಾಮಿ, ಅಗಸೆ ಬೀಜ, ಕಿತ್ತಳೆ, ಸೀಬೆ, ಎರಡು ಕಟ್ಟು ಸೊಪ್ಪು, ಕ್ಯಾರೆಟ್, ಜೊತೆಗೆ ಏನು ಎಷ್ಟು ತಿನ್ನಬೇಕೆಂಬ ಹಾಳೆ. ನನ್ನ ಕೈಯಲ್ಲಿದ್ದದ್ದು ಪ್ಯಾಕಿಂಗ್‌ನಲ್ಲಿ ಒಡೆದ ಕ್ರೀಮ್ ಬಿಸ್ಕತ್ತಿನ ಪೊಟ್ಟಣ. ಅವನು ನನ್ನ ಪೊಟ್ಟಣ ನೋಡಿದ, ನಾನು ಅವನ ಚೀಲ ನೋಡಿದೆ. ಹೆಚ್ಚು ಮಾತು ಬೇಕಾಗಲಿಲ್ಲ. ಹಿಂದಿನ ಸೈಕಲ್ ಸ್ಟ್ಯಾಂಡಿಗೆ ಹೋಗಿ ಬದಲಾಯಿಸಿಕೊಂಡೆವು.

"ಪುಸ್ತಕದಲ್ಲಿ?" ಎಂದು ಕೇಳಿದೆ.

"ಪುಸ್ತಕದಲ್ಲಿ ನಾನು ಗಿಳಿ. ನೀನು ಬಿಸ್ಕತ್ತು. ಇಬ್ಬರಲ್ಲಿ ಒಬ್ಬ ತಿಂದ್ರಾಯ್ತಲ್ಲ, ಲೆಕ್ಕ ಸರಿಹೋಗುತ್ತೆ."

ಆ ಕ್ಷಣಕ್ಕೆ ನನಗೂ ಸರಿ ಎನಿಸಿತು.

ಫೆಬ್ರವರಿ 14, ಶುಕ್ರವಾರ

ಅಗಸೆ ಬೀಜ ಹಲ್ಲುಸಂದಿಗೆ ಸಿಕ್ಕಿಕೊಂಡು ಇಡೀ ದಿನ ನಾಲಿಗೆಗೆ ಅದೇ ಕೆಲಸ. ಕ್ಯಾರೆಟ್ಟು ಸೌದೆ. ಗಿಳಿಯ ಬಾಳು ಸುಖದ್ದಲ್ಲ.

ಫೆಬ್ರವರಿ 19, ಬುಧವಾರ

ಜನ ಕದ್ದು ಸೇದುತ್ತಾರೆ, ಕದ್ದು ಕುಡಿಯುತ್ತಾರೆ. ನಾನು ಕದ್ದು ಸೊಪ್ಪು ತಿನ್ನುತ್ತಿದ್ದೇನೆ.

ಮನೆಯಲ್ಲಿ ತಿನ್ನುವಂತಿಲ್ಲ, ಇವಳು ಸಾಕ್ಷಿ. ಕಾರ್ಖಾನೆಯ ಊಟದ ಕೋಣೆಯಲ್ಲಿ ತಿನ್ನುವಂತಿಲ್ಲ, ನಗುತ್ತಾರೆ. ಹಾಗಾಗಿ ಮಧ್ಯಾಹ್ನ ರಟ್ಟಿನ ಪೆಟ್ಟಿಗೆಗಳ ಗೋದಾಮಿನಲ್ಲಿ, ರಾಶಿಯ ಹಿಂದೆ ಕೂತು ಡಬ್ಬಿ ತೆರೆಯುತ್ತೇನೆ. ಕ್ಯಾರೆಟ್ ಕಚ್ಚಿದರೆ ಸದ್ದು ಬರುತ್ತದೆಂದು ಪೆಟ್ಟಿಗೆ ಹೊಲಿಯುವ ಯಂತ್ರ ಶುರುವಾಗುವವರೆಗೆ ಕಾಯುತ್ತೇನೆ. ಸಂಜೆ ಮನೆಗೆ ಹೋಗಿ ಹಸಿರು ಪುಸ್ತಕದಲ್ಲಿ 'ಟೀ, ಕ್ರೀಮ್ ಬಿಸ್ಕತ್ತು ಆರು' ಎಂದು ಬರೆಯುತ್ತೇನೆ. ಇವಳು ಓದಿ ಸಹಿ ಹಾಕುತ್ತಾಳೆ. ಬಿಸ್ಕತ್ತನ್ನು ನಾನು ತಿಂದಂತೆ ಮಾಡಿ ಜೇಬಿಗೆ ಹಾಕುವುದರಲ್ಲಿ ಈಗ ಪಳಗಿದ್ದೇನೆ. ಅವೇ ಗುರುವಾರ ಡ್ರೈವರಣ್ಣನ ಹೊಟ್ಟೆ ಸೇರುತ್ತವೆ.

ಇವಳು ಈಚೆಗೆ ಎಲ್ಲೆಂದರಲ್ಲಿ ಪತ್ರಿಕೆ ಬಿಟ್ಟುಹೋಗುತ್ತಾಳೆ. ಶೇವಿಂಗ್ ಕನ್ನಡಿಯ ಹತ್ತಿರ ಒಂದು, ನನ್ನ ದಿಂಬಿನ ಮೇಲೆ ಒಂದು. ಪ್ರತಿಯೊಂದರಲ್ಲೂ ಒಂದು ಪುಟದ ಮಧ್ಯೆ ಚೀಟಿ. ಪುಸ್ತಕದವರಿಗೆ ಚೀಟಿ ಇಡುವ ಚಟ ಇರುತ್ತದೆ. ಕೈಗೆ ಸಿಕ್ಕಿದ್ದನ್ನು ಓದಿದೆ. ಉದುರಿದ ಹಲ್ಲನ್ನು ಮತ್ತೆ ಬೆಳೆಸುವ ಔಷಧಿ ಎಲ್ಲೋ ತಯಾರಾಗುತ್ತಿದೆಯಂತೆ. ಇಲಿಗಳಿಗೆ ಕೊಟ್ಟು ಆಯಿತು, ಈಗ ಮನುಷ್ಯರ ಮೇಲೆ ಪರೀಕ್ಷೆಯ ಮೊದಲ ಹಂತ. ವರ್ಷಗಳೇ ಬೇಕು. ಅಲ್ಲಿಯವರೆಗೆ ಇಲಿಗಳದ್ದೇ ಕಾಲ. ಇನ್ನೊಂದರಲ್ಲಿ, ಉಗುಳಿನ ಒಂದು ಹನಿಯಿಂದ ವಸಡಿನ ಉರಿಯೂತವನ್ನು ಕಂಡುಹಿಡಿಯುವ ಕಾಗದದ ಪಟ್ಟಿ ಬಂದಿದೆ ಎಂದಿತ್ತು. ಮೂರನೆಯದರಲ್ಲಿ, ವಸಡು ಕೆಟ್ಟರೆ ರಕ್ತದ ಸಕ್ಕರೆ ಏರುತ್ತದೆ, ಸಕ್ಕರೆ ಏರಿದರೆ ವಸಡು ಇನ್ನೂ ಕೆಡುತ್ತದೆ, ಎರಡೂ ಒಂದಕ್ಕೊಂದು ಬೆಂಕಿ ಹಚ್ಚುತ್ತವೆ ಎಂದು.

ಡ್ರೈವರಣ್ಣನಿಗೆ ಹೇಳಬೇಕು ಅಂದುಕೊಂಡೆ. ನೆನಪಿದ್ದರೆ.

ಫೆಬ್ರವರಿ 27, ಗುರುವಾರ

ಮೂರು ವಾರದ ಚುಚ್ಚು. ಈ ಸಲ ರಾಗ ಬದಲಾಗಿತ್ತು. "ಇಲ್ಲ. ಇಲ್ಲ. ರಕ್ತ. ಇಲ್ಲ. ಇಲ್ಲ." ನೂರಕ್ಕೆ ಮೂವತ್ತೆಂಟು.

ಚುಚ್ಚಮ್ಮ ಮುಖದ ಮಾಸ್ಕು ಕೆಳಗೆ ಎಳೆದುಕೊಂಡಳು. ಇವತ್ತು ಮೊದಲ ಸಲ ನಕ್ಕದ್ದನ್ನು ನೋಡಿದೆ. "ಗುಂಪು ಯಾವುದು ಅಂತ ನಾನು ಕೇಳಲ್ಲ ಸರ್. ನೀವೂ ಹೇಳ್ಬೇಡಿ. ಆದ್ರೆ ಈ ಬಾಯಿ ನೋಡಿ ನನಗೆ ತುಂಬಾ ಸಮಾಧಾನ ಆಯ್ತು. ನಾಲ್ಕು ವರ್ಷದಿಂದ ಇದಕ್ಕೋಸ್ಕರ ಓಡಾಡ್ತಿದೀನಿ."

ಊಟ ಕೆಲಸ ಮಾಡುತ್ತಿದೆ ಎಂದುಕೊಂಡಿದ್ದಾಳೆ ಪಾಪ. ಕೆಲಸ ಮಾಡುತ್ತಿರುವುದೂ ನಿಜವೇ. ಆದರೆ ಲೆಕ್ಕದಲ್ಲಿ ನಾನು ಬಿಸ್ಕತ್ತಿನ ಕಡೆಯವನು.

ಹೊರಗೆ ಬರುವಾಗ ಬಾಗಿಲ ಸಂದಿಯಿಂದ ಕಂಡಿತು. ಚುಚ್ಚಮ್ಮ ನಿಂತುಕೊಂಡೇ ಊಟ ಮಾಡುತ್ತಿದ್ದಳು. ಊಟ ಎಂದರೆ ನಮ್ಮ ಕಾರ್ಖಾನೆಯ ನಾಲ್ಕು ಬಿಸ್ಕತ್ತು. ಸದ್ದಿನಲ್ಲೇ ಗೊತ್ತಾಯಿತು, ಒಂದು ನಿಮಿಷ ಕಡಿಮೆ ಬೆಂದಿವೆ. ವಸಡಿನ ಡಾಕ್ಟರೇ ಹೀಗೆ ತಿಂದರೆ! ಮುಂದಿನ ಸಲ ಎರಡು ಕಿತ್ತಳೆ ಒಯ್ಯಬೇಕು.

ಮಾರ್ಚ್ 4, ಮಂಗಳವಾರ

ಸಿಕ್ಕಿಬಿದ್ದೆ.

ಇವಳು ಒಗೆಯಲೆಂದು ನನ್ನ ಕೋಟಿನ ಜೇಬು ಬರಿದು ಮಾಡಿದಳು. ಒಂದು ಜೇಬಿನಲ್ಲಿ ಆರು ಕ್ರೀಮ್ ಬಿಸ್ಕತ್ತು. ಇನ್ನೊಂದರಲ್ಲಿ ಅರ್ಧ ಕಚ್ಚಿದ ಕ್ಯಾರೆಟ್. ಎರಡನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕಾಯುತ್ತಿದ್ದಳು. ಬೇರೆಯವರ ಮನೆಯಲ್ಲಿ ಹೆಂಡತಿಯರಿಗೆ ಪರಸ್ತ್ರೀಯ ಕೂದಲು ಸಿಗುತ್ತದೆ.

ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ.

"ಇಪ್ಪತ್ತೆರಡು ವರ್ಷ ನಾನು ಬಡ್ಕೊಂಡೆ. ನನ್ನ ಕೈಯಿಂದ ತಿನ್ನಲಿಲ್ಲ. ಈಗ ಯಾರೋ ಡ್ರೈವರ್ ಕೊಟ್ಟ ಅಂತ ಗೋದಾಮಲ್ಲಿ ಕದ್ದು ತಿಂತೀರಾ?"

"ಹಲ್ಲು ಉಳೀಲಿ ಅಂತ..."

"ತಿನ್ನಿ. ಬೇಡ ಅಂದೋರು ಯಾರು? ಆದ್ರೆ ಇಪ್ಪತ್ತು ದಿನ ನಾನು ಸುಳ್ಳಿಗೆ ಸಹಿ ಹಾಕಿದೀನಿ. ನನ್ನ ಕೈಲಿ ಹಾಕಿಸಿದೀರಿ. ಇನ್ಮೇಲೆ ಆ ಪುಸ್ತಕ ನನ್ನ ಹತ್ರ ತರ್ಬೇಡಿ."

ಸಂಜೆಯಿಂದ ಮಾತಿಲ್ಲ. ಬಿಸ್ಕತ್ತು, ಕ್ಯಾರೆಟ್ ಇನ್ನೂ ಮೇಜಿನ ಮೇಲೇ ಇವೆ. ಯಾವುದನ್ನು ತಿಂದರೂ ತಪ್ಪಾಗುತ್ತದೆಂದು ಯಾವುದನ್ನೂ ತಿನ್ನದೆ ಎದ್ದೆ.

ಮಾರ್ಚ್ 6, ಗುರುವಾರ

ಚೀಲ ಬದಲಾವಣೆ ನಿಲ್ಲಿಸೋಣ ಎಂದೆ. ಡ್ರೈವರಣ್ಣ, "ಇನ್ನೆರಡೇ ವಾರ, ಈಗ್ಯಾಕೆ ಗೇರ್ ಬದಲಾಯಿಸ್ತೀಯ," ಎಂದ. ಅವನು ಎಡಗಡೆ ಅಗಿಯುತ್ತಿರಲಿಲ್ಲ. ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಅದ್ದಿ ನುಂಗುತ್ತಿದ್ದ. ನಾನು ಪೊಟ್ಟಣ ಕೊಟ್ಟೆ.

ಸಾಕ್ಷಿಯ ಜಾಗ ಖಾಲಿ ಇರುವುದನ್ನು ನರ್ಸಮ್ಮ ಕೇಳಿದಳು. ಹೆಂಡತಿ ಊರಲ್ಲಿಲ್ಲ ಎಂದೆ. ಇನ್ನೊಂದು ಸುಳ್ಳು.

ಮಾರ್ಚ್ 13, ಗುರುವಾರ

ಡ್ರೈವರಣ್ಣ ಬಂದಾಗ ಕಿವಿಯವರೆಗೆ ಮಫ್ಲರ್ ಸುತ್ತಿದ್ದ, ಈ ಸೆಕೆಯಲ್ಲಿ. ಮಗಳು ರಕ್ತ ಪರೀಕ್ಷೆ ಮಾಡಿಸಿದಳಂತೆ. ಮೊದಲು ಗಡಿಯಲ್ಲಿದ್ದ ಸಕ್ಕರೆ ಈಗ ಗಡಿ ದಾಟಿದೆ.

"ಎಲ್ಲಿಂದ ಏರ್ತು ಅಂತ ಅವಳಿಗೇ ಆಶ್ಚರ್ಯ ತಮ್ಮಾ. 'ಅಪ್ಪ ಬೀಜ ಸೊಪ್ಪು ಬಿಟ್ರೆ ಬೇರೇನೂ ಮುಟ್ಟಲ್ಲ' ಅಂತ ಡಾಕ್ಟರ ಹತ್ರ ಜಗಳ ಆಡಿದ್ಲು."

ಹೇಳಿ ನಗಲು ನೋಡಿದ, ಆಗಲಿಲ್ಲ. ಪೊಟ್ಟಣಕ್ಕೆ ಕೈ ಚಾಚಿದ. ಕೊಡಲಿಲ್ಲ. ಇವತ್ತೇ ಮೇಲೆ ಬಂದು ಬಾಯಿ ತೋರಿಸು ಎಂದು ಅಂಗಲಾಚಿದೆ. "ಇಪ್ಪತ್ತಕ್ಕೆ ಹೇಗೂ ನೋಡ್ತಾರಲ್ಲ," ಎಂದು ಎದ್ದು ಹೋದ. ವಸಡು, ಸಕ್ಕರೆಯ ಆ ಮೂರನೆಯ ಪತ್ರಿಕೆಯ ವಿಷಯ ನಾನು ಅವನಿಗೆ ಹೇಳಿರಲೇ ಇಲ್ಲ. ನೆನಪಿತ್ತು. ಹೇಳಿದರೆ ಚೀಲ ನಿಲ್ಲುತ್ತದೆಂದು ಹೇಳಿರಲಿಲ್ಲ. ಬೇರೆ ಯಾರೂ ಓದದ ಪುಸ್ತಕದಲ್ಲಾದರೂ ಇದನ್ನು ಬರೆಯಬೇಕು.

ನಾಲ್ಕು ಮಹಡಿ ಹತ್ತಿ ಡಾಕ್ಟರಮ್ಮನ ಮೇಜಿನೆದುರು ನಿಂತೆ. ಕಿತ್ತಳೆ ಇಟ್ಟೆ. "ಡಾಕ್ಟರೇ, ಗುಂಪಿನ ವಿಷಯ ಒಂದು ಹೇಳ್ಬೇಕಿತ್ತು..."

ಅವರು ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡರು. "ಬೇಡ ಸರ್, ದಯವಿಟ್ಟು. ಕೊನೇ ಪರೀಕ್ಷೆ ಮುಗಿಯೋವರೆಗೂ ನನಗೆ ಏನೂ ಗೊತ್ತಾಗ್ಬಾರ್ದು."

"ಒಬ್ಬರಿಗೆ ಹಲ್ಲುನೋವು ಜೋರಾಗಿದೆ. ಅದನ್ನಾದ್ರೂ ಕೇಳಿಸ್ಕೊಳ್ಳಿ."

ಅದನ್ನು ಕೇಳಿಸಿಕೊಂಡರು. ನರ್ಸಮ್ಮನಿಂದ ಆಗಲೇ ಫೋನ್ ಮಾಡಿಸಿದರು. ಡ್ರೈವರಣ್ಣ ಫೋನ್ ತೆಗೆದು, ನೋವೇ ಇಲ್ಲ ಎಂದನಂತೆ.

ಮಾರ್ಚ್ 16, ಭಾನುವಾರ

ಬರುವ ಗುರುವಾರ ನಿಜ ಹೇಳಿಬಿಟ್ಟರೆ ಕ್ಲೀನಿಂಗ್ ಮಾಡದೆ ಹೊರಗೆ ಹಾಕಬಹುದು. ಹಾಕಿದರೆ ಸೋಮವಾರದ ಹತ್ತು ಬಿಸ್ಕತ್ತಿನಲ್ಲಿ ಎಲ್ಲೋ ಒಂದು ಕಡೆ ಕೆಂಪು ಕಾಣಬಹುದು. ಕಂಡರೆ ಸಾಯುವವರೆಗೆ ಪೆಟ್ಟಿಗೆಗೆ ಟೇಪು ಅಂಟಿಸುವುದು. ಇದನ್ನೆಲ್ಲ ಇವಳಿಗೆ ಹೇಳಿದೆ. ಹನ್ನೆರಡು ದಿನದಲ್ಲಿ ನಾವು ಆಡಿದ ಮೊದಲ ಉದ್ದನೆಯ ಮಾತು ಇದು.

"ಹೇಳದೇ ಇದ್ರೆ?" ಎಂದು ಕೇಳಿದಳು.

"ಆ ಹುಡುಗಿ ನಾಲ್ಕು ವರ್ಷ ಓಡಾಡಿ ಸುಳ್ಳು ಬರೆದ ಹಾಗಾಗುತ್ತೆ."

ಇವಳು ಬೇಯಿಸಿದ ಸೊಪ್ಪಿನ ಪಾತ್ರೆಯನ್ನು ನನ್ನ ಕಡೆಗೆ ತಳ್ಳಿದಳು. ಉಪ್ಪು ಕಡಿಮೆ, ಎಂದಿನಂತೆಯೇ. ಎರಡು ಸಲ ಹಾಕಿಸಿಕೊಂಡೆ.

ಮಾರ್ಚ್ 20, ಗುರುವಾರ

ನನ್ನದು ನೂರಕ್ಕೆ ಇಪ್ಪತ್ತೆರಡು. ಫೇಲಾಗಿ ಖುಷಿಪಡಬಹುದಾದ ಪರೀಕ್ಷೆ ಇದೊಂದೇ. ಆದರೆ ಖುಷಿಯಾಗಲಿಲ್ಲ. ಪಕ್ಕದ ಕುರ್ಚಿಯಲ್ಲಿ ಡ್ರೈವರಣ್ಣ ಮಫ್ಲರ್ ಬಿಚ್ಚಿದಾಗ ಎಡಗೆನ್ನೆ ಸೀಬೆಹಣ್ಣಿನಷ್ಟು ಊದಿತ್ತು. ಅವನ ಬಾಯಿ ಚುಚ್ಚುವಾಗ ಡಾಕ್ಟರಮ್ಮ "ಇಲ್ಲ" ಎಂದದ್ದೇ ಅಪರೂಪ.

ಡಾಕ್ಟರಮ್ಮ ಕಡ್ಡಿ ಕೆಳಗಿಟ್ಟರು. "ಈಗ ಮುಗೀತು. ಈಗ ಹೇಳಿ ಸರ್."

ಇಬ್ಬರೂ ತಲೆ ತಗ್ಗಿಸಿ ಹೇಳಿದೆವು. ಚೀಲ, ಪೊಟ್ಟಣ, ಸೈಕಲ್ ಸ್ಟ್ಯಾಂಡು, ಗಿಳಿ, ಎಲ್ಲ. ಬೈದರೆ ಸಾಕು ಎನಿಸುತ್ತಿತ್ತು. ಅವರು ಬೈಯಲಿಲ್ಲ. ಮೇಜಿನ ಮೇಲಿದ್ದ ನಾಲ್ಕು ಬಣ್ಣದ ಪೆನ್ನುಗಳನ್ನು ಸಾಲಾಗಿ ಜೋಡಿಸಿದರು, ಕೆಡಿಸಿದರು, ಮತ್ತೆ ಜೋಡಿಸಿದರು. ಕಣ್ಣು ಒದ್ದೆಯಾಗಿತ್ತು. ನಮ್ಮ ಕಾರ್ಖಾನೆಯ ಒಲೆಗೆ ತಲೆ ಕೊಡೋಣ ಎನಿಸಿತು.

"ನಮ್ಮಿಬ್ಬರನ್ನೂ ತೆಗೆದುಹಾಕ್ಬಿಡಿ ತಾಯಿ," ಎಂದ ಡ್ರೈವರಣ್ಣ, ಬಾಯಿ ತೆರೆಯಲಾರದೆ.

"ಹಾಗೆ ತೆಗೆಯೋ ಹಾಗಿಲ್ಲ. ಯಾರು ಯಾವ ಗುಂಪಿಗೆ ಬಂದ್ರೋ ಅದೇ ಗುಂಪಲ್ಲಿ ಎಣಿಸ್ಬೇಕು. ನಿಮ್ಮನ್ನ ಎಣಿಸಿದ್ರೆ ಊಟದಿಂದ ಆದ ಪ್ರಯೋಜನ ಎಷ್ಟೋ ಕಮ್ಮಿ ಕಾಣುತ್ತೆ. ಬಿಟ್ರೆ, ನನಗೆ ಬೇಕಾದವರನ್ನ ನಾನು ಆರಿಸ್ಕೊಂಡ ಹಾಗೆ." ಮೂಗು ಒರೆಸಿಕೊಂಡರು. "ನಡೆದದ್ದನ್ನ ನಡೆದ ಹಾಗೆ ಬರೀತೀನಿ. ಇಬ್ಬರು ಅದಲುಬದಲು ಮಾಡ್ಕೊಂಡ್ರು ಅಂತಾನೂ ಬರೀತೀನಿ. ಆದ್ರೆ ಯಾವ ದಿನದಿಂದ, ಏನು ತಿಂದ್ರಿ, ಏನು ಕೊಟ್ರಿ? ಈ ಹಸಿರು ಪುಸ್ತಕ ಎರಡೂ ಸುಳ್ಳು. ನಿಜವಾದ್ದನ್ನ ಎಲ್ಲಾದ್ರೂ ಬರೆದಿದೀರಾ?"

"ಇಲ್ಲ," ಎಂದೆ.

ಆಮೇಲೆ, "ಇದೆ," ಎಂದೆ. "ಆದ್ರೆ ಅದು ಓದೋ ಹಾಗಿಲ್ಲ."

"ಮಂಗಳವಾರ ತಂದ್ಕೊಡಿ. ಒಂದಕ್ಷರ ಅಳಿಸ್ಬೇಡಿ."

ಹೊರಗೆ ಹಾಕಲಿಲ್ಲ. ಆದರೆ ಡ್ರೈವರಣ್ಣನ ಕೀವು ತೆಗೆದು ಕ್ಲೀನ್ ಮಾಡಲು ಎರಡು ಪಟ್ಟು ಹೊತ್ತು ಬೇಕು, ಕೊನೆಗೆ ಉಳಿದಿದ್ದವರು ನಾವಿಬ್ಬರೇ, ಕುರ್ಚಿಗೆ ಉಳಿದದ್ದು ಒಂದೇ ಗಂಟೆ. ನನ್ನ ಹೊತ್ತನ್ನು ಅಣ್ಣನಿಗೆ ಕೊಡಿ ಎಂದೆ. ನನಗೆ ಇನ್ನು ಏಪ್ರಿಲ್ ಮೂರು. ಅವನನ್ನು ಹೊರಗೆ ಕರೆತರುವವರೆಗೆ ಬೆಂಚಿನಲ್ಲಿ ಕಾದೆ. ಅರ್ಧ ಬಾಯಿ ಮರಗಟ್ಟಿತ್ತು. "ನಿನ್ನ ಬಿಸ್ಕತ್ತು ಚೆನ್ನಾಗಿರ್ತವೆ ತಮ್ಮಾ, ಅದೇ ಕಷ್ಟ," ಎಂದ. ಮಗಳಿಗೆ ತಾನೇ ಹೇಳುತ್ತಾನಂತೆ. ಮನೆಯವರೆಗೆ ಜೊತೆಗೆ ಹೋಗಿ ಬಿಟ್ಟು ಬಂದೆ.

ಮಾರ್ಚ್ 24, ಸೋಮವಾರ, ಸಂಜೆ

ಹತ್ತು ಬಿಸ್ಕತ್ತು. ಮೇಲ್ವಿಚಾರಕ ಭೂತಕನ್ನಡಿ ತಂದಿದ್ದ. ಒಂದೊಂದು ಕಚ್ಚಿದಾಗಲೂ ಉಳಿದರ್ಧವನ್ನು ಕೊಲೆಯ ಸಾಕ್ಷ್ಯದ ಹಾಗೆ ತಿರುಗಿಸಿ ನೋಡಿದ. ನಾಲ್ಕನೆಯದನ್ನು ಕಚ್ಚಿ, "ಇದು ಶುಕ್ರವಾರದ್ದು. ಡಬ್ಬಿ ಸರಿಯಾಗಿ ಮುಚ್ಚಿಲ್ಲ," ಎಂದೆ. ಅವನು ಯಂತ್ರದ ಹಾಳೆ ನೋಡಿದ. ಯಂತ್ರ ಅದಕ್ಕೆ 'ಸರಿ' ಎಂದಿತ್ತು.

ಒಂಬತ್ತನೆಯದರಲ್ಲಿ ಕೆಂಪು ಗೆರೆ. ಇಬ್ಬರೂ ನೋಡಿದೆವು. ನಾಲಿಗೆ ಆಡಿಸಿ ನೋಡಿದೆ, ಸಿಹಿಯಾಗಿತ್ತು.

"ಇದು ಜಾಮ್ ಬಿಸ್ಕತ್ತು. ನೀವೇ ಇಟ್ಟಿದ್ದು," ಎಂದೆ. ಬಿಸ್ಕತ್ತು ತೆಗೆದ ಪೆಟ್ಟಿಗೆ ನೋಡಿದ. ಹೌದು, ಹತ್ತರ ನಡುವೆ ಒಂದು ಜಾಮ್ ಬಿಸ್ಕತ್ತನ್ನು ಅವನೇ ಇಟ್ಟಿದ್ದ, ಮರೆತಿದ್ದ.

ನಾಳೆಯಿಂದ ರುಚಿ ಕೋಣೆ. ಒಂದು ಉಗುಳುವ ಬಟ್ಟಲು ಬೇಕೆಂದು ಕೇಳಿದ್ದೇನೆ. ಕಚ್ಚುವುದು, ಕೇಳುವುದು, ಉಗುಳುವುದು. ನುಂಗುವುದು ನನ್ನ ಕೆಲಸವಲ್ಲ ಎಂದು ಹತ್ತೊಂಬತ್ತು ವರ್ಷವಾದ ಮೇಲೆ ಹೊಳೆಯಿತು.

ಮನೆಗೆ ಬಂದು ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಚುಚ್ಚಮ್ಮ ಎಂದು ಎಷ್ಟು ಕಡೆ ಬರೆದಿದ್ದೇನೆ! ಒಂದೊಂದರ ಮೇಲೂ ಒಂದೊಂದು ಗೆರೆ ಹೊಡೆಯೋಣವೆಂದು ಪೆನ್ನು ತೆಗೆದೆ. ಹೊಡೆದರೂ ಕೆಳಗಿನದು ಓದಲು ಬರುತ್ತದೆ, ಏನು ಬಂತು? ಹಾಗೇ ಬಿಟ್ಟೆ. ಓದಲಿ ಅವರು, ನಗಲಿ.

ಸಾಕ್ಷಿ ಸಹಿ ಬೇಕಲ್ಲ. ಇವಳ ಮುಂದೆ ಪುಸ್ತಕ ಇಟ್ಟೆ.

"ಓದದೇ ಹಾಕಲ್ಲ," ಎಂದಳು.

"ಹಾಗಾದ್ರೆ ಓದು."

ಓದತೊಡಗಿದಳು. ನಾನು ಎದುರಿಗೆ ಕೂತು ರಾಜಾರೋಷವಾಗಿ ಕ್ಯಾರೆಟ್ ಕಚ್ಚಿದೆ. ಮೂರು ಕಡೆ ನಕ್ಕಳು. ಇವಳು ನಕ್ಕಾಗ ಮೇಲಿನ ಸಾಲಿನಲ್ಲಿ ಒಂದು ಓರೆ ಹಲ್ಲು ಕಾಣುತ್ತದೆ. ನನಗೆ ಅದು ಬಹಳ ಇಷ್ಟ, ಯಾವತ್ತೂ ಹೇಳಿಲ್ಲ. ಒಂದು ಕಡೆ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡು, ನನ್ನ ಪೆನ್ನು ಕೇಳಿ ತೆಗೆದುಕೊಂಡಳು. ಮುಂದೆ ಓದಿದಳು. ಕೊನೆಯ ಪುಟದಲ್ಲಿ ಸಹಿ ಹಾಕಿ, "ಸೊಪ್ಪಿಗೆ ಉಪ್ಪು ಸರಿಯಾಗೇ ಇತ್ತು," ಎಂದು ಹೇಳಿ ಅಡಿಗೆಮನೆಗೆ ಹೋದಳು.

ಪೆನ್ನು ತೆಗೆದುಕೊಂಡದ್ದು ಯಾಕೆಂದು ಈಗ ಹುಡುಕಿ ನೋಡಿದೆ. ಫೆಬ್ರವರಿ ಎಂಟರ ಪುಟದಲ್ಲಿ ಒಂದು ವಾಕ್ಯದ ಮೇಲೆ ಒಂದೇ ಒಂದು ಗೆರೆ ಇದೆ. ಕೆಳಗಿನದನ್ನು ಓದಬಹುದು. 'ನನ್ನ ಬಾಯಲ್ಲಿ ಹಲ್ಲಿದ್ದರೂ ಒಂದೇ, ಬೊಚ್ಚಾದರೂ ಒಂದೇ ಇವಳಿಗೆ.' ಪಕ್ಕದಲ್ಲಿ ಇವಳ ಸಹಿ, ಇವತ್ತಿನ ತಾರೀಖು.